ಸೆಟವಿತಾಯಿಯ ಕೈ ಹಿಡಿದವಳು

ಏಳು ಗುಡ್ಡದ ಆಚೆ, ಎಂಟನೆಯ ಗುಡ್ಡದ ಈಚೆ ಒಂದು ಊರಿತ್ತಂತೆ. ಆ ಊರಲ್ಲಿ ಕುಂಬಾರನಿದ್ದ, ಕಂಬಾರನಿದ್ದ, ನೇಕಾರನಿದ್ದ, ಎಣ್ಣೆ ತೆಗೆಯುವವನಿದ್ದ, ಬೆಲ್ಲ ಕಾಸುವವನಿದ್ದ. ತಾನು ಮುಂದೆ ಏನಾಗಬೇಕು ಅನ್ನುವ ಚಿಂತೆ ಮಾತ್ರ ಯಾರಿಗೂ ಇರಲಿಲ್ಲ. ಆ ಚಿಂತೆಯನ್ನು ಹುಟ್ಟಿದ ಐದನೆಯ ದಿನವೇ ಸೆಟವಿತಾಯಿ ಮುಗಿಸಿಬಿಡುತ್ತಿದ್ದಳಂತೆ.

ಸೆಟವಿತಾಯಿ ಅಂದರೆ ಹಣೆಬರಹ ಬರೆಯುವ ತಾಯಿ. ಮಗು ಹುಟ್ಟಿದ ಐದನೆಯ ದಿನ, ದನ ಮನೆಗೆ ತಿರುಗುವ ಹೊತ್ತಿಗೆ, ಬಾಣಂತಿಯ ಕೋಣೆಯಲ್ಲಿ ಒಂದು ದೀಪ ಹಚ್ಚಿಟ್ಟು ಎಲ್ಲರೂ ಹೊರಗೆ ಹೋಗಬೇಕು. ಬಾಣಂತಿಯೊಬ್ಬಳೇ ಒಳಗೆ. ಅವಳೂ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿರಬೇಕು. ತಾಯಿ ಬರುತ್ತಾಳೆ, ಮಗುವಿನ ಹಣೆಯ ಮೇಲೆ ಬರೆಯುತ್ತಾಳೆ, ಹೋಗುತ್ತಾಳೆ. ಬರೆದದ್ದು ಬರಿಗಣ್ಣಿಗೆ ಕಾಣುವಂಥದ್ದಲ್ಲ, ಬೂದಿ ತಿಕ್ಕಿದರೆ ಗೆರೆ ಮೂಡುತ್ತದೆ ಅನ್ನುತ್ತಿದ್ದರು. ಅದನ್ನು ಹತ್ತಿರದಿಂದ ನೋಡಿ ಓದುವ ಹಕ್ಕು ಊರಲ್ಲಿ ಒಬ್ಬನಿಗೇ ಇತ್ತು, ಅವನೇ ಭರಮಜ್ಜ. ಹನ್ನೆರಡನೆಯ ದಿನ ಮಗುವನ್ನು ಅರಳಿಕಟ್ಟೆಗೆ ತಂದರೆ ಅವನು ಒಲೆಯ ಬೂದಿಯನ್ನು ಹಣೆಗೆ ತಿಕ್ಕಿ, ಕಣ್ಣು ಕಿರಿದು ಮಾಡಿ, "ಇಂವ ಕುಂಬಾರ", "ಈಕಿ ನೂಲುವಾಕಿ" ಅಂತ ಓದಿ ಹೇಳುತ್ತಿದ್ದ. ಹೇಳಿದ ಮೇಲೆ ಮುಗಿಯಿತು. ಗಂಡಾದರೆ ಅಪ್ಪನ ಕಸುಬು, ಹೆಣ್ಣಾದರೆ ಅವ್ವನ ಕೆಲಸ, ಅದೇ ಹಣೆಯಲ್ಲಿ ಬಂದಿರುತ್ತಿತ್ತು. ಒಂದೇ ಒಂದು ಸಲವೂ ತಪ್ಪಿದ್ದಿಲ್ಲ. ಎಂಥ ಅನುಕೂಲದ ದೇವರು ನೋಡಿ!

ಇಂಥ ಊರಿಗೆ ಒಂದು ಮಧ್ಯಾಹ್ನ ಎಲ್ಲಿಂದಲೋ ಒಬ್ಬ ತುಂಬಿದ ಬಸುರಿ ನಡೆದು ಬಂದಳಂತೆ. ಯಾವ ಊರು, ಯಾವ ಕಸುಬು ಅಂತ ಕೇಳುವಷ್ಟರಲ್ಲಿ ಬೇನೆ ತಿನ್ನತೊಡಗಿದಳು. ಸೂಲಗಿತ್ತಿ ನಿಂಗವ್ವ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಹೆರಿಗೆ ಮಾಡಿಸಿದಳು. ಹೆಣ್ಣು ಮಗು ಹುಟ್ಟಿತು. ಏಳನೆಯ ದಿನಕ್ಕೆ ತಾಯಿ ತೀರಿಕೊಂಡಳು. ಹನ್ನೆರಡನೆಯ ದಿನ ನಿಂಗವ್ವನೇ ಮಗುವನ್ನು ಉಡಿಯಲ್ಲಿಟ್ಟುಕೊಂಡು ಕಟ್ಟೆಗೆ ಹೋದಳು. ಭರಮಜ್ಜ ಬೂದಿ ತಿಕ್ಕಿದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಇದರ ಹಣಿ ಖಾಲಿ ಐತಿ ನಿಂಗವ್ವಾ."

"ಖಾಲಿ ಅಂದರ?"

"ಖಾಲಿ ಅಂದರ ಖಾಲಿ. ಸಾರಿಸಿದ ಗೋಡಿ."

ಹಣೆ ಖಾಲಿ ಇದ್ದವರು ಯಾವ ಕಸುಬಿನ ಸಾಮಾನನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕಸುಬು ಕೆಡುತ್ತದೆ ಅಂತ ಆ ಊರವರು ನಂಬಿದ್ದರು. ಹಾಗಾಗಿ ಆ ಮಗು ಹುಲಿಗೆವ್ವ ಅನ್ನುವ ಹೆಸರಿಟ್ಟುಕೊಂಡು ಬೆಳೆದರೂ ಊರ ಬಾಯಲ್ಲಿ ಬರಿಹಣೆ ಹುಲಿಗಿ ಆದಳು. ಅವರಿವರ ಮನೆಗೆ ನೀರು ಹೊತ್ತಳು, ಕಟ್ಟಿಗೆ ಹೊತ್ತಳು. ಹೊತ್ತು ತಂದದ್ದನ್ನು ಇಳಿಸಿದ ಮೇಲೆ ಮಾತ್ರ ಅಲ್ಲಿಂದ ಏಳುತ್ತಿರಲಿಲ್ಲ. ಕೂತು ನೋಡುತ್ತಿದ್ದಳು.

ಏನು ನೋಡುತ್ತಿದ್ದಳು? ಒಂದು ಇನ್ನೊಂದಾಗುವ ಗಳಿಗೆಯನ್ನು ನೋಡುತ್ತಿದ್ದಳು. ಹೆಪ್ಪು ಹಾಕಿದ ಗಡಿಗೆಯ ಮುಂದೆ ಮೊಣಕಾಲು ಅಪ್ಪಿಕೊಂಡು ಕೂತರೆ ಅವಳಿಗೆ ಹಸಿವಿಲ್ಲ, ನೀರಡಿಕೆ ಇಲ್ಲ.

"ಹಾಲು ಮೊಸರಾಗೂದನ್ನ ಕಾಯಾಕ ಕುಂತೋರನ್ನ ನಾ ಇವತ್ತ ನೋಡಿದೆ," ಅಂತ ನಿಂಗವ್ವ ಬೈದಳು. "ರೊಟ್ಟಿ ಆರಿ ಹಲಗಿ ಆಗೈತಿ, ತಿನ್ನು ಏಳು."

"ಆಯೀ, ಒಂದು ಗಳಿಗಿ ಹಿಂದ ಇದು ಹಾಲು. ಒಂದು ಗಳಿಗಿ ಆದ ಮ್ಯಾಲ ಮೊಸರು. ನಡುವ ಏನಿತ್ತು?"

"ನಡುವ ನಿನ್ನ ತಲಿ ಕೆಟ್ಟಿತ್ತು."

ನಿಂಗವ್ವ ಹಾಗೆ ಬೈದರೂ ಮರುದಿನದಿಂದ ಹೆಪ್ಪು ಹಾಕುವ ಮೊದಲು ಹಾಲನ್ನು ಹುಲಿಗಿಯ ಮುಂದೆ ಹಿಡಿದು "ಆರೇತೇನ?" ಅಂತ ಕೇಳುತ್ತಿದ್ದಳಂತೆ. ಮುದುಕಿ ಇರುವವರೆಗೆ ಆ ಮನೆಯ ಮೊಸರನ್ನು ಚಾಕುವಿನಲ್ಲಿ ಕೊಯ್ಯಬಹುದಿತ್ತು.

ಒಂದು ದಿನ ಹುಲಿಗಿ ಕುಂಬಾರ ಗದಿಗೆಪ್ಪನ ಮನೆಗೆ ನೀರು ಹೊತ್ತಳು. ಅವನು ಮಡಕೆ ಸುಟ್ಟ ಆವಿಗೆಯನ್ನು ತೆಗೆಯಲು ಹೊರಟಿದ್ದ. ಅವಳು ಆವಿಗೆಯ ಮೇಲೆ ನಡುಗುತ್ತಿದ್ದ ಗಾಳಿಯನ್ನು ನೋಡಿದಳು.

"ಮಾವಾ, ಇನ್ನಾ ಇಲ್ಲ."

"ಬರಿಹಣಿ, ಬಾಯಿ ಮುಚ್ಚು."

ಗದಿಗೆಪ್ಪ ತೆಗೆದ. ತಣ್ಣನೆ ಗಾಳಿ ಒಳಗೆ ನುಗ್ಗಿತು. ಟಪ್, ಟಪ್, ಟಪ್ ಅಂತ ಒಂದಾದ ಮೇಲೊಂದು ಮಡಕೆ ಸೀಳಿದವು. "ನಿನ್ನ ಬಾಯಿ ತಾಗಿತು!" ಅಂತ ಅವಳನ್ನು ಓಡಿಸಿದ.

ಇನ್ನೊಂದು ದಿನ ಕಂಬಾರ ಮೌನೇಶಪ್ಪನ ಕುಲುಮೆಗೆ ಇದ್ದಿಲು ಹೊತ್ತಳು. ಬೆಂಕಿಯಲ್ಲಿ ಕುಡಗೋಲು ಕಾಯುತ್ತಿತ್ತು. ಕಬ್ಬಿಣ ಕಪ್ಪು ಬಿಟ್ಟಿತು, ಕೆಂಪು ಹಿಡಿಯಿತು, ತೊಂಡೆಹಣ್ಣಿನ ಬಣ್ಣಕ್ಕೆ ಬಂತು.

"ಈಗ ಕಾಕಾ, ಈಗ!"

ಬರಿಹಣೆಯವಳ ಮಾತು ಕೇಳಿ ನೀರಿಗೆ ಹಾಕಿದ ಅನ್ನಿಸಿಕೊಳ್ಳಬಾರದಲ್ಲ, ಮೌನೇಶಪ್ಪ ಬೇಕೆಂದೇ ತಡೆದು ತಿದಿ ಇನ್ನೂ ನಾಲ್ಕು ಸಲ ಊದಿಸಿದ. ಆಮೇಲೆ ನೀರಿಗದ್ದಿದ. ಕಲ್ಲಿಗೆ ತಾಗಿಸಿ ನೋಡಿದರೆ ಕುಡಗೋಲು ಹಪ್ಪಳದ ಹಾಗೆ ಮುರಿಯಿತು. "ನಿನ್ನ ಬಾಯಿ ತಾಗಿತು!" ಅಂತ ಅವನೂ ಓಡಿಸಿದ.

ಹುಲಿಗಿ ಬಾಯಿಗೆ ಬೀಗ ಹಾಕಿಕೊಂಡಳು. ಕಣ್ಣಿಗೆ ಹಾಕಲು ಬೀಗ ಸಿಗಲಿಲ್ಲ.

ಮೂರನೆಯದು ಸೋಮನಿಂಗನ ಆಲೆಮನೆ. ಅವನ ಅಪ್ಪ ಸತ್ತು ವರ್ಷವಾಗಿತ್ತು. ಹಣೆಯಲ್ಲಿ ಬೆಲ್ಲ ಅಂತ ಓದಿಸಿಕೊಂಡಿದ್ದರೂ ಅವನ ಕೈಗೆ ಬೆಲ್ಲ ಒಲಿದಿರಲಿಲ್ಲ. ಒಂದು ಸಲ ಪಾಕ ಸೀದು ಕಹಿಯಾಗುತ್ತಿತ್ತು, ಇನ್ನೊಂದು ಸಲ ಅಚ್ಚಿನಲ್ಲಿ ನಿಲ್ಲದೆ ಜೋನಿಯಾಗಿ ಹರಿಯುತ್ತಿತ್ತು. ಅವತ್ತು ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಗುಳ್ಳೆಗಳು ಮೊದಲು ಸಾಸಿವೆಯಷ್ಟಿದ್ದವು, ಆಮೇಲೆ ಮೀನಿನ ಕಣ್ಣಿನಷ್ಟಾದವು, ಆಮೇಲೆ ಒಂದರ ಮೇಲೊಂದು ಬಿದ್ದು ನಿಧಾನಕ್ಕೆ ಉಸಿರು ಬಿಡತೊಡಗಿದವು. ಹುಲಿಗಿ ಕಟ್ಟಿಗೆಯ ಹೊರೆ ಇಳಿಸುವುದನ್ನೂ ಮರೆತು, ತಲೆಯ ಮೇಲೆ ಹೊತ್ತುಕೊಂಡೇ ನೋಡುತ್ತ ನಿಂತಿದ್ದಳು. ಸೋಮನಿಂಗ ಕೊಪ್ಪರಿಗೆಯನ್ನು ಬಿಟ್ಟು ಅವಳ ಮುಖವನ್ನು ನೋಡಿದ.

"ಈಗೇನು?" ಅಂತ ಮೆಲ್ಲಗೆ ಕೇಳಿದ.

ಹುಟ್ಟಿದಾಗಿನಿಂದ ನಿಂಗವ್ವನ ಹೊರತು ಯಾರೂ ಅವಳನ್ನು ಏನೂ ಕೇಳಿರಲಿಲ್ಲ.  ಅವಳು ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ ಅಂದಳು: "ಈಗ."

ಅವನು ಕೊಪ್ಪರಿಗೆ ಇಳಿಸಿದ. ಅವತ್ತಿನ ಬೆಲ್ಲ ಬಂಗಾರದ ಬಣ್ಣಕ್ಕೆ ಬಂತಂತೆ. ಬಾಯಿಗಿಟ್ಟವರು ಕಣ್ಣು ಮುಚ್ಚಿಕೊಂಡರಂತೆ.

ಸೋಮನಿಂಗ ಅವಳನ್ನೇ ಮದುವೆಯಾದ. ಊರು ನಕ್ಕಿತು. ಆಮೇಲೆ ಅವನ ಬೆಲ್ಲ ತಿಂದು ನಗುವುದನ್ನು ಬಿಟ್ಟಿತು. "ಸೋಮನಿಂಗನ ಕೈ ಅಂದರ ಬಂಗಾರದ ಕೈ" ಅಂದಿತು. ಇಳಿಸಿದ ಕೈ ನನ್ನದು, ಇಳಿಸು ಅಂದ ಬಾಯಿ ಅವಳದು ಅಂತ ಸೋಮನಿಂಗ ಒಂದು ದಿನವೂ ಹೇಳಲಿಲ್ಲ. ಕೆಟ್ಟವನಲ್ಲ, ಅಂಜುಬುರುಕ. ಹೊಗಳಿಕೆ ಅನ್ನುವುದು ಎಷ್ಟು ಕುದಿಸಿದರೂ ಗಂಡಸಿಗೆ ಸೀಯದ ಪಾಕ.

ಏಳು ವರ್ಷ ಹೀಗೇ ಹೋಯಿತು. ನಿಂಗವ್ವ ತೀರಿಕೊಂಡಳು. ಎಂಟನೆಯ ವರ್ಷ ಹುಲಿಗೆವ್ವನಿಗೆ ಒಂದು ಹೆಣ್ಣು ಮಗು ಹುಟ್ಟಿತು. ಹುಟ್ಟಿದ ದಿನವೇ ಭರಮಜ್ಜ ಕೋಲೂರಿಕೊಂಡು ಬಾಗಿಲಿಗೆ ಬಂದ.

"ನೋಡವ್ವಾ ಹುಲಿಗೀ, ಅವ್ವನ ಹಣಿಯಾಗ ಇಲ್ಲದ್ದು ಮಗಳ ಹಣಿಗೆ ಎಲ್ಲಿಂದ ಬರಬೇಕು? ಒಂದ ಮನಿಯಾಗ ಎರಡು ಬರಿಹಣಿ ಇರೋ ಪದ್ಧತಿ ನಮ್ಮ ಊರಾಗಿಲ್ಲ. ಹನ್ನೆರಡರ ದಿನ ಓದತೀನಿ. ಖಾಲಿ ಬಂತಂದರ ನೀನು, ನಿನ್ನ ಕೂಸು, ಇಬ್ಬರೂ ಗಡಿಕಲ್ಲಿನ ಆಚಿ. ಗಂಟು ಕಟ್ಟಿ ಇಟ್ಟಿರು."

ಗಡಿಕಲ್ಲಿನ ಆಚೆ ಏಳು ಗುಡ್ಡ. ಗುಡ್ಡದ ತುಂಬ ತೋಳ. ಹಸಿ ಬಾಣಂತಿ, ಹನ್ನೆರಡು ದಿನದ ಕೂಸು. ಹುಲಿಗೆವ್ವ ಅಳಲಿಲ್ಲ. ಐದನೆಯ ದಿನ ಯಾವಾಗ ಬರುತ್ತದೆ ಅಂತ ಕಾದಳು. ಬರೆಯದೆ ಬಿಟ್ಟವಳನ್ನೇ ಹಿಡಿದು ಕೇಳಬೇಕು ಅಂತ ನಿಶ್ಚಯಿಸಿಕೊಂಡಳು.

ಐದನೆಯ ದಿನ ಬಂತು. ದೀಪ ಹಚ್ಚಿ ಎಲ್ಲರೂ ಹೊರಗೆ ಹೋದರು. ಹುಲಿಗೆವ್ವ ಗೋಡೆಗೆ ಮುಖ ಮಾಡಿದಳು, ಕಣ್ಣು ಮುಚ್ಚಲಿಲ್ಲ.

ಮೊದಲು ಕೊಟ್ಟಿಗೆಯ ದನಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವಂತೆ. ಆಮೇಲೆ ಗಾಳಿ ನಿಂತಿತು. ಬೆಲ್ಲದ ವಾಸನೆಗೆ ಬಂದ ಜೇನುಹುಳಗಳು ಎಳ್ಳು ಅಂಟಿಸಿದ ಹಾಗೆ ಗಾಳಿಯಲ್ಲಿ ಇದ್ದಲ್ಲೇ ನಿಂತವು. ದೀಪದ ಕುಡಿ ಸೂಜಿಯಂತೆ ನೆಟ್ಟಗಾಯಿತು. ಬಾಗಿಲ ಹೊರಗೆ ಏನೋ ಬಾಗತೊಡಗಿತು. ಎಂಟನೆಯ ಗುಡ್ಡವೇ ಸೊಂಟ ಬಗ್ಗಿಸಿದಂತೆ ಅದು ಬಾಗಿತು, ಬಾಗಿತು, ಬಾಗುತ್ತಲೇ ಇತ್ತು. ಹೊಸ್ತಿಲು ದಾಟುವಾಗ ನೋಡಿದರೆ ಒಬ್ಬ ಮುದುಕಿ! ಬಿಳಿ ಕೂದಲು ಅವಳ ಹಿಂದೆ ಬಾಗಿಲು ದಾಟಿ, ಅಂಗಳ ದಾಟಿ, ಗುಡ್ಡದವರೆಗೆ ಹರಿದುಕೊಂಡಿತ್ತು. ಎರಡೂ ಕೈ ಮೊಣಕೈವರೆಗೆ ಮಸಿ. ಹುಟ್ಟಿದ ಒಂದೊಂದು ಹಣೆಗೂ ಬಾಗಿ ಬಾಗಿ ಬೆನ್ನು ಕುಡಗೋಲಾಗಿತ್ತು. ಅವಳು ಮಗುವಿನ ಪಕ್ಕ ಕೂತಳು, ಜೋಳದ ದಂಟಿನ ಲೆಕ್ಕಣಿಕೆಯನ್ನು ಮಸಿಗೆ ಅದ್ದಿದಳು.

ಹುಲಿಗೆವ್ವ ತಿರುಗಿ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

ಕೈ ಹಿಡಿದ ಹಾಗಿರಲಿಲ್ಲ, ತುಂಬಿದ ಹೊಳೆಯನ್ನು ಹಿಡಿದ ಹಾಗಿತ್ತು. ಇದುವರೆಗೆ ಹುಟ್ಟಿದವರೆಲ್ಲ, ಇನ್ನು ಹುಟ್ಟುವವರೆಲ್ಲ ಆ ಚರ್ಮದ ಒಳಗೆ ದಡ ತಿಕ್ಕುತ್ತ ಹರಿಯುತ್ತಿದ್ದರು. ಹುಲಿಗೆವ್ವನ ಮೈಯ ಕೂದಲೆಲ್ಲ ಎದ್ದು ನಿಂತವು. ಆದರೂ ಅವಳು ಕೈ ಬಿಡಲಿಲ್ಲ.

"ಬಿಡು ಮಗಳ," ಅಂದಳು ಸೆಟವಿತಾಯಿ. "ಇವತ್ತ ನನಗ ಇನ್ನಾ ಏಳುನೂರಾ ಎಪ್ಪತ್ತು ಮನಿ ಅದಾವ."

"ನನ್ನ ಹಣಿ ಯಾಕ ಬಿಟ್ಟಿ, ಅದನ್ನ ಹೇಳು. ಆಮ್ಯಾಲ ಬಿಡತೀನಿ."

"ನನ್ನ ಕೈ ಹಿಡದವರು ಇಲ್ಲೀತನಕ ಯಾರೂ ಇಲ್ಲ. ಸುಟ್ಟ ಹೋಗತೀವಂತ ಅಂಜತಾರ."

"ಹಡದು ಐದು ದಿನ ಆತು. ಸುಡೂದು ಬೇಯೂದು ಎಲ್ಲಾ ಮುಗಿಸಿಕೊಂಡ ಕುಂತೀನಿ. ನೀ ಹೇಳು."

ಸೆಟವಿತಾಯಿ ನಕ್ಕಳಂತೆ. ಗಾಳಿಯಲ್ಲಿ ನಿಂತಿದ್ದ ಜೇನುಹುಳಗಳ ರೆಕ್ಕೆ ಒಂದು ಸಲ ಅದುರಿ ಮತ್ತೆ ನಿಂತವು. ಅವಳು ಹುಲಿಗೆವ್ವನ ಗದ್ದ ಹಿಡಿದು ದೀಪದ ಕಡೆ ತಿರುಗಿಸಿದಳು.

"ಸೂಲಗಿತ್ತಿ ಮನಿಯಾಗ ಹುಟ್ಟಿದ ಕೂಸು ಅಲ್ಲೇನು ನೀನು? ನೆನಪೈತಿ. ಬರಿಯಾಕ ಕೈ ಎತ್ತಿದೆ. ನೀ ಅಳಲಿಲ್ಲ, ನಗಲಿಲ್ಲ. ಲೆಕ್ಕಣಿಕಿ ತುದಿಯಾಗಿನ ಮಸಿಯ ಹನಿ ಒಣಗೂದನ್ನ ನೋಡತಿದ್ದಿ. ಹಂಗೇನ ನೋಡತೈತಿ ಈ ಕೂಸು ಅಂತ ನಾನೂ ನೋಡಿದೆ. ಇಬ್ಬರೂ ನೋಡಕೋತ ಕುಂತಿವಿ. ಹನಿ ಒಣಗಿ ಹೋತು. ಬರಿಯೂದು ಮರತ ಹೋತು."

"ನೀ ಮರತದ್ದಕ್ಕ ನಾ ಇಷ್ಟು ವರ್ಷ ಊರ ನೀರು ಹೊತ್ತೆ!"

"ಹೌದವ್ವಾ, ತಪ್ಪಾತು." ದೇವರು ತಪ್ಪಾಯಿತು ಅಂದದ್ದನ್ನು ಆ ಕೋಣೆಯ ಗೋಡೆಗಳು ಮೊದಲ ಸಲ ಕೇಳಿದವು. "ಆದರ ನಿನ್ನ ಹಣಿ ಖಾಲಿ ಅಂದವರು ಯಾರು? ಅವತ್ತ ನನ್ನ ಕೈ ತಡದಿದ್ದು ಏನಂತ ತಿಳಿದಿ? ನಿನ್ನ ಆ ನೋಟಕ್ಕ ಒಂದು ಹೆಸರಿಲ್ಲ, ಅಷ್ಟ. ಇರಲಿ, ನಿನ್ನ ಮಗಳಿಗೆ ಚಂದಾಗಿ ಬರೀತೀನಿ. ಏನ ಬೇಕ ಹೇಳು."

ಅವಳು ಲೆಕ್ಕಣಿಕೆಯನ್ನು ಮತ್ತೆ ಅದ್ದಿದಳು. ಹುಲಿಗೆವ್ವ ಮಗುವಿನ ಹಣೆಯನ್ನು ನೋಡಿದಳು. ಕೊಪ್ಪರಿಗೆಯನ್ನು ನೋಡುವ ಹಾಗೆ, ಕುಲುಮೆಯನ್ನು ನೋಡುವ ಹಾಗೆ, ಮೈಯೆಲ್ಲ ಕಣ್ಣಾಗಿ ನೋಡಿದಳು. ಹಣೆ ಮೆತ್ತಗೆ ಹೊಳೆಯುತ್ತಿತ್ತು. ನೆತ್ತಿ ಇನ್ನೂ ಕೂಡಿರಲಿಲ್ಲ, ಉಸಿರಿಗೊಮ್ಮೆ ಬಡಿದುಕೊಳ್ಳುತ್ತಿತ್ತು.

"ಅವ್ವಾ," ಅಂದಳು. "ಇನ್ನಾ ಇಲ್ಲ."

"ಏನು ಇನ್ನಾ ಇಲ್ಲ?"

"ಹಣಿ ಹದಕ್ಕ ಬಂದಿಲ್ಲ. ಹಸಿ ಐತಿ. ಹಸೀ ಮಡಕಿ ಮ್ಯಾಲ ಗೀರಿದರ ಏನಾಗತೈತಿ? ಬಿರೀತೈತಿ, ಇಲ್ಲಾ ಅಳಿಸಿ ಹೋಗತೈತಿ."

ಸೆಟವಿತಾಯಿಯ ಕೈ ಗಾಳಿಯಲ್ಲೇ ನಿಂತಿತು.  ಆಮೇಲೆ ಹಳೆಯ ಬಾವಿಯ ಒಳಗಿನಿಂದ ಬಂದಂಥ ದನಿಯಲ್ಲಿ ಅಂದಳು: "ಸೂರ್ಯ ಸಣ್ಣ ಹುಡುಗ ಇದ್ದಾಗಿಂದ ಬರಿಯಾಕತ್ತೀನಿ. ಬರದದ್ದು ನಿಲ್ಲೂದಿಲ್ಲ ಮಗಳ. ಎರಡು ದಿನಕ್ಕ ಉದರಿ ಹೋಗತೈತಿ. ಮಸಿ ಕೆಟ್ಟೈತಂತ ಮಸಿ ಬದಲು ಮಾಡಿದೆ. ದಂಟು ಕೆಟ್ಟೈತಂತ ದಂಟು ಬದಲು ಮಾಡಿದೆ. ಹಣಿ ಹಸಿ ಐತಿ ಅಂತ ನನಗ ಯಾರೂ ಹೇಳಲಿಲ್ಲ."

"ಎಲ್ಲಾರೂ ಕಣ್ಣ ಮುಚ್ಚಿಕೊಂಡ ಕುಂತರ ಹೇಳವರು ಯಾರು?"

ಸೆಟವಿತಾಯಿ ಕಿಟಕಿಯಿಂದ ಹೊರಗೆ ನೋಡಿದಳು. ದೂರದಲ್ಲಿ ಗಡಿಕಲ್ಲು ಕಾಣುತ್ತಿತ್ತು.

"ಆದರ ಹನ್ನೆರಡರ ದಿನ ಐತಲ್ಲ," ಅಂದಳು. "ಭರಮನ ಮಾತು ನನಗೂ ಕೇಳೇತಿ. ಒಂದು ದಾರಿ ಐತಿ. ಎಲುಬಿಗೆ ಇಳಿಯೂ ಹಂಗ ಒತ್ತಿ ಬರದರ ಹಸೀ ಹಣಿ ಮ್ಯಾಲೂ ನಿಲ್ಲತೈತಿ. ಒಂದು ಕಸುಬು ಬರೀತೀನಿ. ಬೂದಿಗೆ ಕಾಣತೈತಿ, ನೀವಿಬ್ಬರೂ ಊರಾಗ ಉಳೀತೀರಿ. ಆದರ ಅದು ಸಾಯೂತನಕ ಅಳಿಸೂದಿಲ್ಲ. ನಿನ್ನ ಮಗಳು ಬ್ಯಾರೆ ಕಡೆ ನೋಡಬೇಕಂದರ ಕುತ್ತಿಗಿ ತಿರುಗೂದಿಲ್ಲ. ನೀ 'ಈಗ' ಅನ್ನು, ನಾ ಒತ್ತತೀನಿ."

ಹುಲಿಗೆವ್ವ ಗಡಿಕಲ್ಲನ್ನು ನೋಡಿದಳು, ಗುಡ್ಡವನ್ನು ನೋಡಿದಳು, ಕೂಸನ್ನು ನೋಡಿದಳು. ಅನ್ನಬೇಕಾದದ್ದು ಎರಡೇ ಅಕ್ಷರ. ಅಂದರೆ ತೋಳ ಇಲ್ಲ, ಚಳಿ ಇಲ್ಲ, ತಲೆಯ ಮೇಲೊಂದು ಸೂರು. ಬಾಯಿ ತೆರೆದಳು. ನಾಲಿಗೆ ತಿರುಗಲಿಲ್ಲ. ಮಡಕೆ ಸೀಳಿದಾಗ ಬೈಸಿಕೊಂಡಿದ್ದಳು, ಕುಡಗೋಲು ಮುರಿದಾಗ ಓಡಿಸಿಕೊಂಡಿದ್ದಳು, ಆದರೆ ಆಗದಿರುವುದಕ್ಕೆ ಆಯಿತು ಅಂತ ಅವಳು ಹುಟ್ಟಿದಾಗಿನಿಂದ ಅಂದವಳಲ್ಲ. ಕಣ್ಣೀರು ಸುರಿಯತೊಡಗಿತು.

"ಇನ್ನಾ ಇಲ್ಲವ್ವಾ," ಅಂದಳು.

"ಮತ್ತ ಯಾವಾಗ?"

"ಏನನ್ನ ನೋಡಕೋತ ಅದು ಕೈಯಾಗಿನ ತುತ್ತು ಮರೀತೈತೋ, ಅವತ್ತು ಹದ. ಒಬ್ಬರಿಗೆ ಆರು ವರ್ಷಕ್ಕ ಬರಬಹುದು, ಒಬ್ಬರಿಗೆ ಅರವತ್ತಕ್ಕ ಬರಬಹುದು. ಮಗ್ಗಲಾಗ ಕುಂತು ನೋಡಬೇಕು. ಬ್ಯಾರೆ ದಾರಿ ಇಲ್ಲ."

ಸೆಟವಿತಾಯಿ ಲೆಕ್ಕಣಿಕೆಯನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಲೋಕದ ಹಣೆಗಳಿಗೆಲ್ಲ ಬರೆಯಲು ಬಾಗಿದವಳು ಅವತ್ತು ಬರೆಯದೆ ಬಾಗಿದಳು. ಹುಲಿಗೆವ್ವನ ಹಣೆಗೆ ತನ್ನ ಹಣೆ ತಾಗಿಸಿದಳು. ಆ ಹಣೆಯೂ ಖಾಲಿ ಇತ್ತಂತೆ, ಆಕಾಶ ಖಾಲಿ ಇರುವ ಹಾಗೆ. ಆಮೇಲೆ ಕೊಟ್ಟಿಗೆಯಲ್ಲಿ ದನಗಳು ಮೆಲುಕು ಹಾಕುವ ಸದ್ದು ಕೇಳಿತು. ನೋಡಿದರೆ ಕೋಣೆಯಲ್ಲಿ ತಾನು, ಕೂಸು, ದೀಪ.

ನಡೆದದ್ದನ್ನೆಲ್ಲ ಕೇಳಿ ಸೋಮನಿಂಗ ತಲೆ ಮೇಲೆ ಕೈ ಹೊತ್ತು ಕೂತ.

"ದೇವರು ತಾನಾಗಿ ಕೊಡತೀನಿ ಅಂದರ ಒಲ್ಲೆ ಅಂದೇನ? ಏನರೆ ಒಂದು ಬರಸಿಕೋಬಾರದಾಗಿತ್ತೇನ?"

"ಕುದಿ ಬರೂದರಾಗ ಅಚ್ಚಿಗೆ ಹೊಯ್ದರ ಬೆಲ್ಲ ಆಗತೈತೇನು?"

 ಅದರ ಉತ್ತರ ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು!

ಹನ್ನೆರಡನೆಯ ದಿನ ಊರೆಲ್ಲ ಅರಳಿಕಟ್ಟೆಯ ಸುತ್ತ ನೆರೆಯಿತು. ಭರಮಜ್ಜ ಬೂದಿ ತಿಕ್ಕಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಹೇಳಿದ್ದೆ ಹೌದಿಲ್ಲೋ? ಖಾಲಿ."

ಹುಲಿಗೆವ್ವ ಕೂಸನ್ನು ಎತ್ತಿಕೊಂಡು ಎದ್ದಳು. "ಹೋಗತೀನಿ. ಬಟ್ಟಲದಾಗ ಬೂದಿ ಇನ್ನಾ ಐತಿ. ಹಸೀ ಹಣಿ ಮ್ಯಾಲ ಬರದದ್ದು ಉಳಿಯೂದಿಲ್ಲ ಅಂತ ಬರದಾಕೀನ ಹೇಳ್ಯಾಳ. ನಂಬಿಕಿ ಬರಲಿಲ್ಲಂದರ ನೀವೂ ಹಚ್ಚಿಕೊಂಡ ನೋಡ್ರಿ."

"ಒಮ್ಮೆ ಓದಿದ ಹಣಿ ಮತ್ತ ಓದೋ ಪದ್ಧತಿ ಇಲ್ಲ!" ಅಂತ ಭರಮಜ್ಜ ಕೋಲು ಕುಟ್ಟಿದ. ಯಾರೂ ಮುಂದೆ ಬರಲಿಲ್ಲ. ಹುಲಿಗೆವ್ವ ಗಡಿಕಲ್ಲಿನ ಕಡೆ ನಡೆದಳು. ಒಂದು ಹೆಜ್ಜೆ, ಎರಡು ಹೆಜ್ಜೆ, ಹತ್ತು ಹೆಜ್ಜೆ. 

ಸೋಮನಿಂಗ ಎದ್ದ. ಪಕ್ಕದವನು ಅವನ ಧೋತರ ಹಿಡಿದು ಎಳೆದ. "ನೀ ಎಲ್ಲಿಗೋ? ನಿನ್ನ ಹಣಿಯಾಗ ಬೆಲ್ಲ ಐತಿ. ಬಂಗಾರದ ಕೈ ನಿಂದು." ಸೋಮನಿಂಗ ಧೋತರ ಬಿಡಿಸಿಕೊಂಡ. ಕಟ್ಟೆಗೆ ಹೋಗಿ ಬಟ್ಟಲಿಗೆ ಕೈ ಹಾಕಿದ. ಹಿಡಿ ಬೂದಿ ತೆಗೆದು ತನ್ನ ಹಣೆಗೇ ತಿಕ್ಕಿಕೊಂಡು ಜನದ ಕಡೆ ತಿರುಗಿದ.

ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ.

"ಬಂಗಾರದ ಕೈ ನಂದಲ್ಲ," ಅಂದ.  "ಆಕಿ 'ಈಗ' ಅಂದಾಗ ಇಳಿಸೀನಿ, ಅಷ್ಟ ನನ್ನ ಕೆಲಸ. ಏಳು ವರ್ಷ ಆಕಿ ಹೊಗಳಿಕಿ ನಾ ತಿಂದೆ."

 ಆಮೇಲೆ ಕುಂಬಾರ ಗದಿಗೆಪ್ಪ ಕೆಮ್ಮಿದ. "ಅವತ್ತ ಆವಿಗಿ ಮುಂದ... 'ಇನ್ನಾ ಇಲ್ಲ ಮಾವಾ' ಅಂದಿತ್ತು ಈ ಹುಡುಗಿ." ಅವನೂ ಹೋಗಿ ಬೂದಿ ಹಚ್ಚಿಕೊಂಡ. ಖಾಲಿ. ಕಂಬಾರ ಮೌನೇಶಪ್ಪ ತಲೆ ತಗ್ಗಿಸಿಕೊಂಡು ಬಂದು ಹಚ್ಚಿಕೊಂಡ. ಖಾಲಿ. ನೂಲುವವಳು ಬಂದಳು, ನೇಯುವವನು ಬಂದ, ಎಣ್ಣೆಯವನು ಬಂದ. ಗಂಡಸರು, ಹೆಂಗಸರು, ಮುದುಕರು, ಮಕ್ಕಳು, ಒಬ್ಬರ ಹಿಂದೆ ಒಬ್ಬರು ಬಂದರು. ಬೂದಿ ಸಾಲದೆ ಮನೆಮನೆಯ ಒಲೆಯಿಂದ ತಂದರಂತೆ. ಊರಿಗೆ ಊರೇ ಹಗಲು ಬೆಳಕಿನಲ್ಲಿ ಬಿಳಿ ಹಣೆ ಹೊತ್ತು ನಿಂತಿತು. ಯಾರೂ ನಗಲಿಲ್ಲ. ಗಂಡ ಹೆಂಡತಿಯ ಹಣೆ ನೋಡಿದ, ಮಗಳು ಅವ್ವನ ಹಣೆ ನೋಡಿದಳು. ದಿನಾ ಕಂಡ ಮುಖಗಳನ್ನು ಅವತ್ತೇ ಮೊದಲ ಸಲ ಕಂಡ ಹಾಗೆ ನೋಡಿದರಂತೆ. ಅರಳಿ ಎಲೆಗಳು ಗಾಳಿಯಿಲ್ಲದೆಯೇ ಅಲುಗುತ್ತಿದ್ದವು.

ಕೊನೆಗೆ ಉಳಿದವನು ಭರಮಜ್ಜ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಬಟ್ಟಲಿನ ತಳ ಕೆರೆದು ಹಣೆಗೆ ಹಚ್ಚಿಕೊಂಡ. ಸುಕ್ಕು ಕಂಡವು, ಬರಹ ಕಾಣಲಿಲ್ಲ.

"ನನಗ ಓದಾಕ ಬರೂದಿಲ್ಲ," ಅಂದ. "ನಮ್ಮಪ್ಪಗೂ ಬರತಿದ್ದಿಲ್ಲ. ಹೆತ್ತವರ ಮುಖ ನೋಡು, ಅವರ ಕಸುಬು ಹೇಳು ಅಂತ ಕಲಿಸಿದ್ದ. ಈಕಿ ಅವ್ವನ ಕಸುಬು ಏನಂತ ನನಗ ಗೊತ್ತಿರಲಿಲ್ಲ. ಅದಕ್ಕ ಖಾಲಿ ಅಂದೆ."

ಒಬ್ಬ ಕಲ್ಲು ಎತ್ತಿಕೊಂಡ. ಇನ್ನೊಬ್ಬ ಕೋಲು ಹಿಡಿದ. ಅಷ್ಟರಲ್ಲಿ ಹತ್ತು ಹೆಜ್ಜೆ ಹೋಗಿದ್ದ ಹುಲಿಗೆವ್ವ ಹತ್ತು ಹೆಜ್ಜೆ ತಿರುಗಿ ಬಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಭರಮಜ್ಜನ ಎದುರಿಗೆ ಕೂತಳು. ಬೈಯುತ್ತಾಳೆ ಅಂತ ಎಲ್ಲರೂ ಕಾದರು. ಬೈಯುವ ಹಕ್ಕು ಅವಳಿಗಿತ್ತು, ಬಾಯಿಯೂ ಇತ್ತು. ಆದರೆ ಅವಳು ಅವನ ಮುಖವನ್ನು ನೋಡತೊಡಗಿದಳು.

"ಅಜ್ಜಾ, ಸಣ್ಣಾಂವ ಇದ್ದಾಗ ಏನ ನೋಡಕೋತ ಉಣ್ಣೂದು ಮರೀತಿದ್ದಿ?"

ಮುದುಕ ಬೆಚ್ಚಿದ. 

"ನಮ್ಮಾಯಿ ಕೌದಿ ಹೊಲಿಯಾಕಿ," ಅಂದ. "ಹರಕು ಸೀರಿ, ಹರಕು ಧೋತರ, ಎಲ್ಲಾ ತುಂಡು ತುಂಡು. ಸೂಜಿ ಹೋಗಿ ಬಂದು, ಹೋಗಿ ಬಂದು, ಎಲ್ಲಾ ಕೂಡಿ ಒಂದ ಆಗೂದು. ನಾನೂ ಒಂದ ದಿನ ಸೂಜಿ ಹಿಡದೆ. ಗಂಡಸಾಗಿ ಕೌದಿ ಹೊಲೀತಿಯೇನು ಅಂತ ನಮ್ಮಪ್ಪ ಈ ಬೆರಳಿಗೆ ಬರೆ ಇಟ್ಟ."

ಎಂಬತ್ತು ವರ್ಷದ ಬೆರಳನ್ನು ಅವನು ಎತ್ತಿ ತೋರಿಸಿದ. ಕಲ್ಲು ಎತ್ತಿದವನು ಕಲ್ಲು ಕೆಳಗಿಟ್ಟ.

ಹುಲಿಗೆವ್ವ ನೋಡುತ್ತಲೇ ಇದ್ದಳು. ಬೂದಿ ಬಳಿದ ಆ ಮುಖದ ಒಳಗೆ ಏನೋ ನಿಧಾನಕ್ಕೆ ತಿರುಗುತ್ತಿತ್ತು, ಒಂದು ಇನ್ನೊಂದಾಗುತ್ತಿತ್ತು. ಅವಳು ಉಸಿರು ಹಿಡಿದಳು. ಊರೂ ಉಸಿರು ಹಿಡಿಯಿತು.

"ಈಗ," ಅಂದಳು.

ಗುಂಪಿನಿಂದ ಯಾರೋ ಮುದುಕಿ ಸೂಜಿ ದಾರ ಚಾಚಿದಳು. ಇನ್ನೊಬ್ಬಳು ಹಳೆ ಸೀರೆಯ ಚೂರು ಕೊಟ್ಟಳು. ಕೋಲಿಲ್ಲದೆ ನಾಲ್ಕು ಹೆಜ್ಜೆ ಹಾಕಲಾರದ ಭರಮಜ್ಜ, ಕಣ್ಣು ಕಿರಿದು ಮಾಡದೆಯೇ, ಒಂದೇ ಸಲಕ್ಕೆ ದಾರ ಪೋಣಿಸಿದನಂತೆ. ಮೊದಲ ಹೊಲಿಗೆ ಹಾಕಿದ. ಎರಡನೆಯದು ಹಾಕಿದ. ಮೂರನೆಯದಕ್ಕೆ ಅವನಿಗೆ ಸುತ್ತ ಜನ ಇದ್ದದ್ದೇ ಮರೆತುಹೋಯಿತು. ಸದ್ದು ಮಾಡಿದರೆ ಏನೋ ಒಡೆದೀತು ಅನ್ನುವ ಹಾಗೆ ಜನ ತುದಿಗಾಲಲ್ಲಿ ಮನೆಗೆ ಹೋದರು.

ಅವತ್ತಿನಿಂದ ಆ ಊರಲ್ಲಿ ಹಣೆ ಓದುವ ಪದ್ಧತಿ ನಿಂತಿತು. ಎಲ್ಲರೂ ಎಲ್ಲ ಬದಲಿಸಿದರು ಅಂತೇನಿಲ್ಲ. ಗದಿಗೆಪ್ಪ ಕುಂಬಾರನಾಗಿಯೇ ಉಳಿದ. ಕೇಳಿದರೆ, ತಿರುಗುವ ಮಣ್ಣು ನೋಡುತ್ತ ತಾನು ಸಣ್ಣವನಿದ್ದಾಗ ನಿಜವಾಗಲೂ ಊಟ ಮರೆಯುತ್ತಿದ್ದೆ ಅಂದ. ಆವಿಗೆ ತೆಗೆಯುವ ದಿನ ಮಾತ್ರ ಹುಲಿಗೆವ್ವನಿಗೆ ಹೇಳಿಕಳಿಸುತ್ತಿದ್ದ. ನೂಲುವವಳ ಮಗಳು ಕುಲುಮೆಗೆ ಹೋದಳು, ಮೌನೇಶಪ್ಪ ಮೂರು ದಿನ ಗೊಣಗಿ ನಾಲ್ಕನೆಯ ದಿನ ಸುತ್ತಿಗೆ ಕೊಟ್ಟ. ಕೆಲವರಿಗೆ ಏನು ಅಂತ ಬೇಗ ತಿಳಿಯಲಿಲ್ಲ. ಅವರು ನೀರು ಹೊತ್ತರು, ಕಟ್ಟಿಗೆ ಹೊತ್ತರು, ಹೊತ್ತಲ್ಲೆಲ್ಲ ಕೂತು ನೋಡಿದರು. ಅವರನ್ನು ಯಾರೂ ಬರಿಹಣೆ ಅಂತ ಕರೆಯಲಿಲ್ಲ. ಗಡಿಕಲ್ಲಿನ ಮೇಲೆ ಹೆಂಗಸರು ಮೆಣಸಿನಕಾಯಿ ಒಣಹಾಕತೊಡಗಿದರು.

ಹುಲಿಗೆವ್ವನ ಮಗಳು ಬೆಳೆದಳು. ಎರಡು ವರ್ಷವಾಯಿತು, ನಾಲ್ಕಾಯಿತು, ಆರಾಯಿತು. ತುತ್ತು ಮರೆಯುವುದಿರಲಿ, ಅವ್ವನ ತಾಟಿನದನ್ನೂ ತಿಂದು ಕೈ ನೆಕ್ಕುತ್ತಿದ್ದಳು. "ನಿನ್ನ ಮಗಳ ಹಣಿಯಾಗ ಊಟ ಬರದೈತಿ ನೋಡು," ಅಂತ ಸೋಮನಿಂಗ ನಗುತ್ತಿದ್ದ. ಏಳನೆಯ ವರ್ಷ ಒಂದು ಬೆಳಗ್ಗೆ ಹುಡುಗಿ ಬಿಸಿ ರೊಟ್ಟಿ ಹಿಡಿದುಕೊಂಡು ಅಂಗಳಕ್ಕೆ ಹೋದಳು. ಕಬ್ಬು ಹೇರಿಕೊಂಡು ಬಂದ ಬಂಡಿಯ ಮುಂದೆ ಒಂದು ಎತ್ತು ಕುಂಟುತ್ತಿತ್ತು. ಹುಡುಗಿ ನೆಲಕ್ಕೆ ಕುಕ್ಕರಗಾಲಲ್ಲಿ ಕೂತಳು. ಎತ್ತು ಕಾಲು ಎತ್ತುವುದನ್ನು ನೋಡಿದಳು, ಊರುವುದನ್ನು ನೋಡಿದಳು, ಗೊರಸಿನ ಯಾವ ಅಂಚು ಮೊದಲು ನೆಲಕ್ಕೆ ಅಂಜುತ್ತದೆ ಅಂತ ನೋಡಿದಳು. ಅವಳ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಕೋಳಿ ಬಂದು ಅದನ್ನು ಕುಕ್ಕಿಕೊಂಡು ಹೋಯಿತು. ಅವಳಿಗೆ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹುಲಿಗೆವ್ವ ಕೂಗಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ಕೊಟ್ಟಿಗೆಯ ದನಗಳು ಮೆಲುಕು ಹಾಕುವುದನ್ನು ನಿಲ್ಲಿಸಿದ್ದವು.

ಅವಳು ಸದ್ದಾಗದಂತೆ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು, ಲೆಕ್ಕಣಿಕೆ ಹಿಡಿದು ಬರುವವಳಿಗೆ ದಾರಿ ಬಿಟ್ಟಳಂತೆ.

ಅವರ ಕಥೆ ಅವರ ಅಂಗಳದಲ್ಲಿರಲಿ, ನಮ್ಮ ರೊಟ್ಟಿ ನಮ್ಮ ಹಂಚಿನ ಮೇಲಿರಲಿ.